ಹೌದಾದರೆ ಎರಡಕ್ಕೆ, ಅಲ್ಲವಾದರೆ ಐದಕ್ಕೆ

ಹುಬ್ಬಿ ಮಳೆ ಹೊಯ್ದು ಐದನೇ ದಿನ,
ಇರಕಲ್ಲಗಡದ ಗುಡ್ಡದ ಬುಡದಲ್ಲಿ
ಎಂಟನೇ ತರಗತಿಯ ಇಪ್ಪತ್ತಾರು ಮಂದಿ.
ತಲಾ ಒಂದು ಹಾಳೆ,
ಮೂರು ರಾತ್ರಿ ಕೂತು ನಾನೇ ಬರೆದದ್ದು.

"ಹೆಸರು ನನ್ನನ್ನು ಕೇಳಬೇಡಿ" ಎಂದಿದ್ದೆ,
"ಗಿಡವನ್ನೇ ಕೇಳಿ. ಒಂದು ಸಲಕ್ಕೆ ಒಂದೇ ಮಾತು.
ಹೌದಾದರೆ ಈ ಕವಲು, ಅಲ್ಲವಾದರೆ ಆ ಕವಲು.
ನಡುವೆ ನಿಲ್ಲುವಂತಿಲ್ಲ."

೧. ಎಲೆ ಎದುರು ಬದುರು ಕೂತಿದ್ದರೆ ೨ಕ್ಕೆ ಹೋಗಿ.
ಒಂದಾದ ಮೇಲೊಂದು ಏರಿದ್ದರೆ ೫ಕ್ಕೆ.
೨. ದಂಟು ಬೆರಳ ನಡುವೆ ಸಲೀಸು ಉರುಳಿದರೆ ೩ಕ್ಕೆ.
ಉರುಳದೆ ಮೂಲೆ ಒತ್ತಿದರೆ ೪ಕ್ಕೆ.

ಮೊದಲು ಕೂಗಿದವನು ದುರುಗೇಶ:
"ಚೌಕ ಐತ್ರಿ ಸರ, ನಾಕು ಮೂಲಿ!"
ಬಡಿಗೇರ ಮನೆಯ ಹುಡುಗ,
ಒಂದು ಕಣ್ಣು ಮುಚ್ಚಿ ದಂಟಿನ ನೇರ ನೋಡುತ್ತಿದ್ದ,
ಚೌಕಟ್ಟು ನಿಲ್ಲಿಸುವವರ ಹಾಗೆ.
ತುಂಬೆ ಎಂಬಲ್ಲಿಗೆ ಬರುವಷ್ಟರಲ್ಲಿ
ಹೂವಿನ ಸಿಹಿ ಹೀರಿ ಮುಗಿಸಿದ್ದ;
ಅದು ನನ್ನ ಹಾಳೆಯಲ್ಲಿರಲಿಲ್ಲ.

ಖಾಜಾಬಿ ನೆಗ್ಗಿಲನ್ನು
ಒಂದನೇ ಪ್ರಶ್ನೆಗೂ ಮೊದಲೇ ಗುರುತಿಸಿದಳು,
ಹಿಮ್ಮಡಿಯಿಂದ.

ಅತ್ತ ನಾಗವೇಣಿಯ ತಂಡ ಅರ್ಧ ತಾಸಿನಿಂದ
ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲಲ್ಲೇ ಸುತ್ತುತ್ತಿತ್ತು.
"ಎರಡಕ್ಕ ಹೋಗ್ರಿ ಅಂತೈತಿ ಸರ,
ನಾವು ಎರಡರಾಗ ಅದೀವಿ."
ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ
ನಡುವಿನ ಮಡಿಕೆ ಸವೆದು
೩ ಎಂಬುದು ೨ ಆಗಿತ್ತು.
ಸಿಟ್ಟಾಗದೆ ಮತ್ತೆ ಮತ್ತೆ ದಂಟು ಉರುಳಿಸಿದ್ದರು ಪಾಪ,
ಉರುಳುತ್ತದೆ, ಉರುಳುತ್ತದೆ, ಉರುಳುತ್ತದೆ ಎಂದು.

ಕೊನೆಯ ಖಾನೆಗೆ ಪುಸ್ತಕದಲ್ಲಿ 'ಜಾತಿ' ಎಂದಿದೆ.
ನಾನು 'ಬಳಗ' ಎಂದು ತಿದ್ದಿಕೊಂಡಿದ್ದೆ.
ಪರಸಪ್ಪ ಕೇಳಿಯೇ ಬಿಟ್ಟ:
"ಬಳಗ ಅಂದ್ರ ಜಾತಿ ಏನ್ರಿ ಸರ?"
ಇಪ್ಪತ್ತಾರು ತಲೆ ಗಿಡದಿಂದ ಮೇಲೆದ್ದವು.
ಹೌದು ಅನ್ನಬಹುದಿತ್ತು, ಅಲ್ಲ ಅನ್ನಬಹುದಿತ್ತು.
"ಎಸಳು ಎಣಿಸೋ ಮೊದಲು" ಎಂದೆ.
ಅವನು ಎಣಿಸಿದ. ಐದು ಎಂದ.
ಆಮೇಲೂ ನನ್ನನ್ನೇ ನೋಡುತ್ತಿದ್ದ.

ಬಿಸಿಲು ಬಂಡೆ ಹತ್ತುವ ಹೊತ್ತಿಗೆ
ಸಣ್ಣ ಯಂಕಮ್ಮ ಬಂದಳು, ಶಾಲೆಯಿಲ್ಲದ ದಿನ
ಇದೇ ಇಳಿಜಾರಿನಲ್ಲಿ ಆಡು ಕಾಯುವವಳು.
ಕೈಯಲ್ಲಿ ನೆಲಕ್ಕೆ ಹರಡಿದ ಒಂದು ಬಳ್ಳಿ.
"ಎದುರು ಬದುರು ಅದಾವ್ರಿ.
ಆದ್ರ ಒಂದು ದೊಡ್ಡದು, ಒಂದು ಸಣ್ಣದು.
ಇದಕ್ಕ ಜೋಡಿ ಅನ್ನಬೇಕೇನ್ರಿ?"

ನೋಡಿದೆ.
ಗಂಟು ಗಂಟಿಗೂ ಹಾಗೆಯೇ:
ಒಂದು ಅಕ್ಕ, ಒಂದು ತಂಗಿ,
ಮುಂದಿನ ಗಂಟಿನಲ್ಲಿ ಅಕ್ಕ ಈ ಕಡೆಗೆ.
ಹನ್ನೆರಡು ವರ್ಷ ಈ ಗಿಡದ ಹೆಸರು
ಕರಿಹಲಗೆಯ ಮೇಲೆ ಬರೆದ ಕೈ ನನ್ನದು,
ಲ್ಯಾಟಿನ್ನಿನಲ್ಲಿ, ಅಡಿಗೆರೆ ಎಳೆದು.

"ಹೆಸರು ಗೊತ್ತೇನು?"
"ಗೊತ್ತಿಲ್ಲೇನ್ರಿ, ಕೊಮ್ಮಿ! ಮೊನ್ನಿ ಪಲ್ಯ ಮಾಡಿದ್ವಿ.
ಹೆಸರು ಗೊತ್ತೈತಿ, ದಾರಿ ಗೊತ್ತಿಲ್ಲ."

ಅವಳ ಬಳಿಯೂ ಒಂದು ಹಾಳೆಯಿತ್ತು, ಬರೆಯದ್ದು:
ಆಡು ಬಾಯಿ ಹಾಕುತ್ತದೋ, ಮೂಸಿ ಬಿಡುತ್ತದೋ.
ಹಾಕಿದರೆ, ಹಾಲು ಕಹಿಯೋ, ಹೊಟ್ಟೆ ಉಬ್ಬರವೋ.
ಉಬ್ಬಿದರೆ, ಯಾರ ಮನೆಗೆ ಓಡಬೇಕು.
ಅಲ್ಲಿಗೆ ಕೇಳುವುದು ಮುಗಿಯುತ್ತಿತ್ತು.

ಪೆನ್ನು ತೆಗೆದು
ಒಂದಕ್ಕೂ ಎರಡಕ್ಕೂ ನಡುವಿನ ಇಕ್ಕಟ್ಟಿನಲ್ಲಿ
ಗೀಚಿದೆ: ಎದುರು ಬದುರು, ಆದರೆ ಸಮವಲ್ಲ.
ಮುಂದೆ ಸಂಖ್ಯೆ ಹೊಳೆಯಲಿಲ್ಲ.
"ಎಲ್ಲಿಗೆ ಹೋಗ್ಲಿ ರೀ?" ಅವಳು ನಿಂತೇ ಇದ್ದಳು.
ಅಷ್ಟರಲ್ಲಿ ಬಿಸಿಯೂಟದ ಗಂಟೆ.
ಎಲ್ಲರೂ ಹಾಳೆ ಮಡಿಚಿ
ಒಂದೇ ದಾರಿ ಹಿಡಿದು ಓಡಿದರು.

ರಾತ್ರಿ ಪ್ಯಾಂಟು ಕೊಡವುವಾಗ ಕಂಡವು
ಅಂಚಿಗೆ ಸಾಲಾಗಿ ಕಚ್ಚಿಕೊಂಡ ಬೀಜ.
ಒಂದನ್ನು ಬಿಡಿಸಿ ದೀಪಕ್ಕೆ ಹಿಡಿದೆ.
ಐದು ಏಣು. ಅಂಟು.
ಬೆರಳಿನಿಂದ ಬೆರಳಿಗೆ ದಾಟುತ್ತಿತ್ತು,
ಬಿಡುತ್ತಿರಲಿಲ್ಲ.